ಒಂದೊಂದು ದೇಶದಲ್ಲಿ ಒಂದೊಂದು ಕ್ಯಾನ್ಸರ್ ಜಾಸ್ತಿ ಯಾಕೆ? ತಡೆಯೋಕೆ ಆಗುತ್ತಾ?

ಎಲ್ಲವನ್ನೂ ತಡೆಯೋಕೆ ಆಗಲ್ಲ. ವಯಸ್ಸು, ವಂಶವಾಹಿ ನಮ್ಮ ಕೈಯಲ್ಲಿಲ್ಲ. ಆದರೆ 30ರಿಂದ 50 ಶೇಕಡಾ ಕ್ಯಾನ್ಸರ್ ತಡೆಯಬಹುದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಂಬಾಕೇ ದೊಡ್ಡ ಕಾರಣ, ಅದು ಎಲ್ಲರಿಗೂ ಗೊತ್ತು. ಮದ್ಯ, ಬೊಜ್ಜು ಕೂಡ ಕಾರಣವೇ.

ಜನ ಮರೆಯುವುದು ಸೋಂಕನ್ನು. ತೈವಾನ್ ನೋಡಿ. ಅಲ್ಲಿ ಹೆಪಟೈಟಿಸ್ ಬಿ ವೈರಸ್ ತುಂಬಾ ಹರಡಿತ್ತು, ಅದರಿಂದ ಲಿವರ್ ಕ್ಯಾನ್ಸರ್ ಕೂಡ ಜಾಸ್ತಿ. ತಾಯಿಯಿಂದ ಮಗುವಿಗೆ ವೈರಸ್ ಬರುತ್ತಿತ್ತು. 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಶುರು ಮಾಡಿದರು. ಮುಂದೆ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಚೆನ್ನಾಗಿಯೇ ಇಳಿಯಿತು. ಒಂದು ಚುಚ್ಚುಮದ್ದು ಕ್ಯಾನ್ಸರ್ ತಡೆದದ್ದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಗರ್ಭಕೊರಳಿನ ಕ್ಯಾನ್ಸರ್ ಕೂಡ ಹಾಗೆಯೇ, ಬಹುಪಾಲು ಎಚ್‌ಪಿವಿ ವೈರಸ್ಸಿನಿಂದ. ಆಸ್ಟ್ರೇಲಿಯಾ 2007ರಲ್ಲೇ ಹುಡುಗಿಯರಿಗೆ ಲಸಿಕೆ ಕೊಡತೊಡಗಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಕೂಡ ಇದಕ್ಕೆ ಲಸಿಕೆ ತಯಾರಿಸಿದೆ. 9ರಿಂದ 14 ವಯಸ್ಸಿನೊಳಗೆ ಹಾಕಿಸಿದರೆ ಒಳ್ಳೆಯದು. ಹಾಕಿಸಿಕೊಂಡವರಿಗೂ ಮುಂದೆ ತಪಾಸಣೆ ಬೇಕೇ ಬೇಕು.

ಅದೇ ತೈವಾನಿನಲ್ಲಿ ಬಾಯಿ ಕ್ಯಾನ್ಸರೂ ಜಾಸ್ತಿ. ಅಲ್ಲಿನವರು ಅಡಿಕೆಯನ್ನು ಸಾಮಾನ್ಯವಾಗಿ ತಂಬಾಕಿಲ್ಲದೆ ಜಗಿಯುತ್ತಾರೆ. ಹಾಗಾಗಿ "ನಾನು ಬರೀ ಎಲೆಅಡಿಕೆ ಹಾಕೋದು, ಹೊಗೆಸೊಪ್ಪು ಮುಟ್ಟಲ್ಲ" ಅನ್ನುವ ನಮ್ಮ ಸಮಾಧಾನ ನಿಲ್ಲುವುದಿಲ್ಲ. ಅಡಿಕೆ ತಾನೇ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಮಲೆನಾಡಿನವರಿಗೆ ಇದು ಕಹಿ ಮಾತು, ಗೊತ್ತು. ಬಾಯೊಳಗೆ ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ.