ಅಮ್ಮನ ಬಿಪಿ ಏರಿಸಿದ್ದು ಮಂಡಿನೋವಿನ ಮಾತ್ರೆಯಾ?

ಪ್ರಶ್ನೆ: ಅಮ್ಮನಿಗೆ 71 ವರ್ಷ. ಎಂಟು ವರ್ಷದಿಂದ ಎರಡೂ ಮಂಡಿ ನೋವು. ಎಕ್ಸ್‌ರೇ ನೋಡಿ ಸವೆತ ಅಂದಿದ್ದಾರೆ. ಮೆಡಿಕಲ್ ಶಾಪಿನಿಂದ ಅಸೆಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿರುವ ಮಾತ್ರೆ ತಂದು ದಿನಕ್ಕೆ ಎರಡು ನುಂಗುತ್ತಾರೆ. ಜೊತೆಗೆ ಗ್ಯಾಸ್ ಮಾತ್ರೆ ಇದೆಯಲ್ಲ, ಏನೂ ಆಗಲ್ಲ ಅನ್ನುತ್ತಾರೆ. ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಔಷಧ ಸೇರಿರುವ ಮಾತ್ರೆ ಇದೆ. ಕಳೆದ ತಿಂಗಳು ಬಿಪಿ ಏರಿತು ಅಂತ ಅದರ ಡೋಸ್ ಜಾಸ್ತಿ ಮಾಡಿದರು. ಈಗ ಪಾದ ಊದಿಕೊಳ್ಳುತ್ತಿದೆ. ನೋವಿನ ಮಾತ್ರೆ ಬಿಡಿಸಿದರೆ ನಡೆಯೋಕೇ ಆಗಲ್ಲ. ಏನು ಮಾಡಲಿ?
(ಓದುಗರೊಬ್ಬರು, ತಿಪಟೂರು)

ಉತ್ತರ: ಡೋಸ್ ಜಾಸ್ತಿ ಮಾಡಿದ ಡಾಕ್ಟರಿಗೆ ನೋವಿನ ಮಾತ್ರೆಯ ವಿಷಯ ಹೇಳಿದ್ದಿರಾ? ಹೇಳಿರಲಿಕ್ಕಿಲ್ಲ ಅಂತ ನನ್ನ ಊಹೆ. "ಏನೇನು ಔಷಧ ತಗೋತೀರಮ್ಮ?" ಅಂತ ಕೇಳಿದರೆ ನಮ್ಮಲ್ಲಿ ಬರುವ ಉತ್ತರ "ಬಿಪಿದು ಒಂದೇ" ಅಂತ. ಚೀಟಿ ಇಲ್ಲದೆ ತಂದದ್ದು ಲೆಕ್ಕಕ್ಕೇ ಬರುವುದಿಲ್ಲ. ಒಬ್ಬ ಅಜ್ಜಿ ನನ್ನ ಮುಂದೆ ಎಲೆಅಡಿಕೆ ಸಂಚಿ ಬಿಚ್ಚಿದರು. ಸುಣ್ಣದ ಡಬ್ಬಿ ಪಕ್ಕದಲ್ಲಿ ಕತ್ತರಿಸಿದ ಸ್ಟ್ರಿಪ್ಪಿನ ಮೂರು ತುಂಡು. ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿದಿತ್ತು. ಯಾವ ಮಾತ್ರೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಾಗಲಿಲ್ಲ.

ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್, ಎಟೋರಿಕಾಕ್ಸಿಬ್ ಎಲ್ಲ ಒಂದೇ ಬಳಗದವು. ಮಂಡಿಯಲ್ಲಿ ನೋವು, ಬಾವು ತರುವ ರಾಸಾಯನಿಕವನ್ನು ಇವು ತಡೆಯುತ್ತವೆ. ತೊಂದರೆ ಏನೆಂದರೆ, ಕಿಡ್ನಿಗೆ ರಕ್ತ ಸರಾಗವಾಗಿ ಹರಿಯಲು, ಹೊಟ್ಟೆಯ ಒಳಪದರ ಹುಣ್ಣಾಗದಿರಲು ಬೇಕಾಗಿರುವುದೂ ಅದೇ ಬಗೆಯ ರಾಸಾಯನಿಕ. ಅದನ್ನು ತಡೆದಾಗ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ. ಪಾದ ಊದುತ್ತದೆ. ಬಿಪಿ ಏರುತ್ತದೆ, ಬಿಪಿ ಮಾತ್ರೆಯ ಬಲವೂ ಕುಗ್ಗುತ್ತದೆ. ನಿಮ್ಮ ತಾಯಿಯವರಿಗೆ ಆಗಿರುವುದು ಇದೇ ಇರಬಹುದು. ಆದರೆ ಪಾದ ಊದಲು ಹೃದಯ, ಕಿಡ್ನಿಯ ತೊಂದರೆಯೂ ಕಾರಣ ಆಗಬಹುದು. ಹಾಗಾಗಿ ಪರೀಕ್ಷೆ ಮಾಡಿಸದೆ ಬಿಡಬೇಡಿ.

ನನಗೆ ಜಾಸ್ತಿ ಆತಂಕ ಇರುವುದು ಕಿಡ್ನಿ ಬಗ್ಗೆ. ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಔಷಧ, ಅದರ ಮೇಲೆ ನೋವಿನ ಮಾತ್ರೆ: ಈ ಮೂರೂ ಸೇರಿದರೆ ವಯಸ್ಸಾದವರ ಕಿಡ್ನಿ ದಿಢೀರನೆ ಕೈಕೊಡಬಹುದು. ವಾಂತಿಭೇದಿಯಾಗಿ ಮೈಯ ನೀರು ಕಮ್ಮಿಯಾದರಂತೂ ಅಪಾಯ ಇನ್ನೂ ಹೆಚ್ಚು. ಗ್ಯಾಸ್ ಮಾತ್ರೆ ಕಾಯುವುದು ಹೊಟ್ಟೆಯನ್ನು ಮಾತ್ರ, ಕಿಡ್ನಿಯನ್ನಲ್ಲ. (ನಮ್ಮ ರಣಹದ್ದುಗಳಲ್ಲಿ ಬಹುಪಾಲು ಅಳಿದದ್ದೂ ಇದೇ ಬಳಗದ ಔಷಧದಿಂದ. ಡೈಕ್ಲೋಫೆನಾಕ್ ಕೊಟ್ಟಿದ್ದ ದನದ ಹೆಣ ತಿಂದು ಕಿಡ್ನಿ ಹೋಗಿ ಸತ್ತವು. ದನಗಳಿಗೆ ಆ ಔಷಧವನ್ನು 2006ರಲ್ಲಿ ನಿಷೇಧಿಸಿದರು. ಮನುಷ್ಯರ ಕಿಡ್ನಿ ಅಷ್ಟು ನಾಜೂಕಲ್ಲ, ಹೆದರಬೇಡಿ.)

ಇದೇ ವಾರ ಮನೆಯಲ್ಲಿರುವ ಮಾತ್ರೆ, ಪುಡಿ, ಎಣ್ಣೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ. ಅಲ್ಲಿಯವರೆಗೆ ಅಂಗಡಿಯಿಂದ ತಂದ ನೋವಿನ ಮಾತ್ರೆ ಬೇಡ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ಬಿಡಿಸಬೇಡಿ. ಮಲ ಟಾರಿನ ಹಾಗೆ ಕಪ್ಪಗಿದ್ದರೆ, ಮೂತ್ರ ತೀರಾ ಕಮ್ಮಿಯಾದರೆ, ಉಸಿರು ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಹೆಸರಿಲ್ಲದ ಪೊಟ್ಟಣದ "ವಾಯು ಪುಡಿ" ಏನಾದರೂ ಕೊಡುತ್ತಿದ್ದರೆ ಮುಚ್ಚಿಡಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು, ಅದನ್ನು ದಿಢೀರ್ ಅಂತ ನಿಲ್ಲಿಸುವುದೂ ಅಪಾಯ.

ಮತ್ತೆ ನೋವಿಗೆ? ಮಂಡಿ ಚರ್ಮಕ್ಕೆ ಹತ್ತಿರದ ಕೀಲು. ಹಾಗಾಗಿ ಡೈಕ್ಲೋಫೆನಾಕ್ ಜೆಲ್ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಮಾತ್ರೆಗಿಂತ ಬಹಳ ಕಮ್ಮಿ. ಆದರೂ ಕಿಡ್ನಿ ರಿಪೋರ್ಟ್ ತೋರಿಸಿ, ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಒಂದು ಸಲ ಹಚ್ಚಿ ನೋವು ಹೋಗಲಿಲ್ಲ ಅಂತ ಬಿಡಬಾರದು, ಒಂದೆರಡು ವಾರ ನೋಡಬೇಕು. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಬರೀ ಪ್ಯಾರಸಿಟಮಾಲ್ ಮಂಡಿ ಸವೆತಕ್ಕೆ ಅಷ್ಟಕ್ಕಷ್ಟೆ. ನೋವು ಜಾಸ್ತಿ ಇರುವ ದಿನ ಡಾಕ್ಟರು ಹೇಳಿದಷ್ಟು ತೆಗೆದುಕೊಳ್ಳಬಹುದು. ಕೀಲು ಸವೆತಕ್ಕೆ ಅಂತ ಮಾರುವ ಗ್ಲೂಕೋಸಮೀನ್ ಮಾತ್ರೆಗೆ ದುಡ್ಡು ಸುರಿಯಬೇಡಿ.

ಮಾತ್ರೆಗಿಂತ ಬಾಳಿಕೆಯದ್ದು ತೊಡೆಯ ಬಲ. ಅಮ್ಮನನ್ನು ಹಾಸಿಗೆ ಮೇಲೆ ಕಾಲು ಚಾಚಿ ಕೂರಿಸಿ. ಮಂಡಿ ಕೆಳಗೆ ಸುತ್ತಿದ ಟವೆಲ್ ಇಡಿ. ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡಲಿ. ಉಸಿರು ಬಿಗಿ ಹಿಡಿಯಬಾರದು. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಮೊದಲ ವಾರ ಸ್ವಲ್ಪ ಸೆಳೆತ ಇದ್ದದ್ದೇ. ಕೋಲು ಹಿಡಿಯುವುದಾದರೆ ಹೆಚ್ಚು ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಲಿ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ತೂಕ ಜಾಸ್ತಿ ಇದ್ದರೆ, ಇಳಿದ ಪ್ರತಿ ಕಿಲೋಗೆ ಒಂದೊಂದು ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ.

ಇನ್ನೊಂದು ಮಾತು. ನೋವಿನ ಮಾತ್ರೆ ನಿಂತ ಮೇಲೆ ಬಿಪಿ ತಾನಾಗಿ ಇಳಿಯಬಹುದು. ಆಗ ಹೆಚ್ಚಿಸಿದ ಡೋಸ್ ಹಾಗೇ ಮುಂದುವರಿದರೆ ಎದ್ದು ನಿಂತಾಗ ತಲೆ ತಿರುಗಿ ಬೀಳುವ ಭಯ. ಎರಡು ವಾರ ಬಿಟ್ಟು ಬಿಪಿ ಮತ್ತೆ ನೋಡಿಸಿ. ಕೂತಾಗೊಮ್ಮೆ, ನಿಂತಾಗೊಮ್ಮೆ.