ಓಡುವ ಬಸ್ಸಿಗೆ ರೋಡ್ ಬದಿಯ ವೈಫೈ ಸಾಕಾ?

ಪ್ರಶ್ನೆ: ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗ್ತೇನೆ. ದಾರಿಯಲ್ಲಿ ವೈಫೈ ಹೆಸರು ಕಾಣ್ತದೆ, ಕನೆಕ್ಟ್ ಆಗುವಷ್ಟರಲ್ಲಿ ಮಾಯ. ಹೈವೇ ಉದ್ದಕ್ಕೂ ಹಾಟ್‌ಸ್ಪಾಟ್ ಇಟ್ರೆ ಆಗ್ಲಿಕ್ಕಿಲ್ವಾ?
– ಓದುಗರು, ಕಾಪು

ಉತ್ತರ: ಆಗ್ತದೆ, ಆದ್ರೆ ವಿಡಿಯೋ ಕಾಲ್‌ಗೆಲ್ಲ ಅಲ್ಲ. ಲೆಕ್ಕ ನೋಡಿ, ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್, ಸಿಗ್ನಲ್ 200 ಮೀಟರ್ ರಸ್ತೆಗೆ ಸಿಕ್ತದೆ ಅಂತ ಇಟ್ಕೊಂಡ್ರೂ ನಿಮ್ಗೆ ಸಿಗೋದು 12 ಸೆಕೆಂಡ್, ಅಷ್ಟರೊಳಗೆ ಫೋನು ವೈಫೈ ಬರುವ ಚಾನಲ್‌ಗಳನ್ನು (ರೇಡಿಯೋ ಸ್ಟೇಷನ್ ತಿರುಗಿಸಿದ ಹಾಗೆ) ಒಂದೊಂದೇ ಹುಡುಕ್ಬೇಕು, ಹಾಟ್‌ಸ್ಪಾಟ್ ಹತ್ರ ಪರ್ಮಿಷನ್ ಕೇಳ್ಬೇಕು, ಐಪಿ ಅಡ್ರೆಸ್ (ನೆಟ್‌ನಲ್ಲಿ ಫೋನಿನ ವಿಳಾಸ) ತಗೊಳ್ಬೇಕು, ಮತ್ತೆ ಓಟಿಪಿ ಬೇರೆ ಉಂಟಲ್ಲ!

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಇದನ್ನೇ ಹಿಡಿದು ಬಾಸ್ಟನ್ ಟ್ಯಾಕ್ಸಿಗಳಲ್ಲಿ ಪರೀಕ್ಷೆ ಮಾಡಿ, 2008ರಲ್ಲಿ ಫಲಿತಾಂಶ ಕೊಟ್ರು. ಓಟಿಪಿ ಬಿಟ್ಟು ಉಳಿದ ಹಂತಗಳನ್ನು ಒಟ್ಟಿಗೆ ಸೇರಿಸಿ, ಕನೆಕ್ಟ್ ಆಗುವ ಸಮಯವನ್ನು 400 ಮಿಲಿಸೆಕೆಂಡಿಗಿಂತ (ಅಂದ್ರೆ ಅರ್ಧ ಸೆಕೆಂಡಿಗಿಂತಲೂ) ಕಮ್ಮಿಗೆ ಇಳಿಸಿದ್ರು, ನಿಜಕ್ಕೂ ದೊಡ್ಡ ಕೆಲಸ ಅದು. ಆದ್ರೂ ಒಂದು ಹಾಟ್‌ಸ್ಪಾಟ್ ದಾಟಿ ಇನ್ನೊಂದು ಸಿಗುವವರೆಗೆ ಖಾಲಿ ಖಾಲಿ. ಹಾಗಾಗಿ ಮೇಲ್, ಮ್ಯಾಪು, ಟ್ರಾಫಿಕ್ ಮಾಹಿತಿ, ಹೀಗೆ ಸ್ವಲ್ಪ ಕಾಯ್ಲಿಕ್ಕೆ ಆಗುವಂಥದ್ದಕ್ಕೇ ಇದು ಸರಿ.

ನಮ್ಮ ಬಸ್ಸಿಗೆ ನನ್ನ ಪ್ರಕಾರ ಒಳಗೇ ಒಂದು ಸಿಮ್ ರೂಟರ್ (ಮೊಬೈಲ್ ಸಿಮ್‌ನ ನೆಟ್ಟನ್ನು ವೈಫೈ ಮಾಡಿ ಕೊಡುವ ಡಬ್ಬಿ) ಇಡೋದೇ ಒಳ್ಳೇದು, ಮೊಬೈಲ್ ಟವರ್‌ನಿಂದ ಟವರ್‌ಗೆ ಕನೆಕ್ಷನ್ ಅದೇ ದಾಟಿಸ್ತದೆ, ನಿಮ್ಮ ಫೋನು ರೂಟರನ್ನು ಬಿಟ್ಟು ಎಲ್ಲಿಗೂ ಹೋಗ್ಬೇಕಂತಿಲ್ಲ.