ಪಿಂಕ್ ಫ್ಲಾಯ್ಡ್‌ನವರು ಈ ವಯಸ್ಸಲ್ಲಾದರೂ ಒಂದಾಗಬಾರದಾ?

ಎಂಬತ್ತರ ಆಸುಪಾಸಿನಲ್ಲೂ ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಮತ್ತು ಡೇವಿಡ್ ಗಿಲ್ಮೋರ್ ಕಿತ್ತಾಡುತ್ತಿದ್ದಾರೆ, ನೀವು ವಾಟರ್ಸ್ ಕಡೆ, ನಿಮ್ಮ ಫ್ರೆಂಡ್ ಗಿಲ್ಮೋರ್ ಕಡೆ, ಯಾರ ಕಡೆ ನಿಲ್ಲಬೇಕು, ಇಬ್ಬರನ್ನೂ ಕೊನೆಯದಾಗಿ ಒಂದೇ ಸ್ಟೇಜಿನಲ್ಲಿ ನೋಡುವ ಆಸೆ ತಪ್ಪಾ ಎಂದು ಕೇಳಿದ್ದೀರಿ. ತಪ್ಪು ಅಂತಲೇ ನನ್ನ ಅಭಿಪ್ರಾಯ. ಯಾಕೆ ಅನ್ನುವುದಕ್ಕೆ ದಾವಣಗೆರೆಯ ಕಥೆ ಹೇಳಬೇಕು.

ತೊಂಬತ್ತರ ದಶಕದ ಶುರುವಿನಲ್ಲಿ ನಾವು ನಾಲ್ವರು ಸೇರಿ ಬ್ಯಾಂಡ್ ಕಟ್ಟಿದ್ದೆವು. ಊರಿನವರ ಬಾಯಲ್ಲಿ ಅದು ಆರ್ಕೆಸ್ಟ್ರಾ. ಮಂಡಕ್ಕಿ ಭಟ್ಟಿಯೊಂದರ ಹಿಂದಿನ ರೂಮಿನಲ್ಲಿ ಪ್ರಾಕ್ಟೀಸ್. ಭಟ್ಟಿ ಹೊತ್ತಿಸಿದರೆ ಹೊಗೆ ಒಳಗೇ ನುಗ್ಗುತ್ತಿತ್ತು. ಸ್ಪೀಕರಿನ ಬಟ್ಟೆ ಮುಟ್ಟಿದರೆ ಬೆರಳಿಗೆ ಮಸಿ. ಗಣೇಶನ ಪೆಂಡಾಲಿನಲ್ಲಿ ಭಕ್ತಿಗೀತೆ, ರಾಜ್‌ಕುಮಾರ್ ಹಾಡು ಎಲ್ಲ ಮುಗಿದು ಜನ ಎದ್ದು ಹೋಗುವಾಗ ನಾವು ನಮ್ಮ ಖುಷಿಗೆ ಪಿಂಕ್ ಫ್ಲಾಯ್ಡ್ ನುಡಿಸುತ್ತಿದ್ದೆವು. ನಾನು ರಿದಮ್ ಗಿಟಾರ್.

ಡ್ರಮ್ಸ್ ಬಾರಿಸುವವನು ಚಿತ್ರದುರ್ಗದವನು. ಒಮ್ಮೆ ಎಲ್ಲರೂ ಅವನೂರಿಗೆ ಹೋಗಿ ಕೋಟೆ ಹತ್ತಿದೆವು. ಒನಕೆ ಓಬವ್ವನ ಕಿಂಡಿ ಹತ್ತಿರ ನೆರಳಿಗೆ ಕೂತಾಗ ಅವನು ಶಿಳ್ಳೆಯಲ್ಲಿ ಒಂದು ಟ್ಯೂನ್ ಹಾಕಿದ. ಸಿಂಗರ್ ಅಲ್ಲೇ ಎರಡು ಸಾಲು ಕಟ್ಟಿದ. ಊರಿಗೆ ಬಂದು ನಾನು ಕಾರ್ಡ್ಸ್ ಕೂರಿಸಿದೆ. ಅದು ನಮ್ಮ ಮೊದಲ ಸ್ವಂತ ಹಾಡು. ಪೆಂಡಾಲಿನಲ್ಲಿ ಹುಡುಗರು ಅದನ್ನೇ ಮತ್ತೆ ಹಾಡಿ ಎಂದು ಕೂಗುತ್ತಿದ್ದರು.

ನಮ್ಮ ಬ್ಯಾಂಡ್ ಮುರಿದ ತಪ್ಪು ಇಲ್ಲಿದೆ. ಟ್ಯೂನ್ ಯಾರದು ಎಂದು ನಾವು ಎಲ್ಲೂ ಬರೆದಿಡಲಿಲ್ಲ. ಪ್ರೋಗ್ರಾಂ ಬುಕ್ ಮಾಡುವವರು ಸಿಂಗರ್ ಹತ್ತಿರ ಬರುತ್ತಿದ್ದರು. ಅಡ್ವಾನ್ಸ್ ಅವನ ಕೈಗೆ, ರಸೀದಿ ಅವನ ಹೆಸರಿಗೆ. ಹ್ಯಾಂಡ್‌ಬಿಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಅವನ ಹೆಸರು, ಕೆಳಗೆ ಸಣ್ಣದಾಗಿ ‘ಮತ್ತು ಸಂಗಡಿಗರು’. ಡ್ರಮ್ಮರ್ ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಒಂದು ಮಾತೂ ಆಡಲಿಲ್ಲ. ಬಂದ ದುಡ್ಡನ್ನು ಸಮನಾಗಿ ಹಂಚಿಕೊಳ್ಳುತ್ತಿದ್ದೆವಲ್ಲ, ಅಲ್ಲಿಗೆ ಎಲ್ಲ ಸರಿಯಿದೆ ಅಂದುಕೊಂಡೆವು. ಫ್ರೆಂಡ್ಸ್ ಮಧ್ಯೆ ಎಂಥ ಬರವಣಿಗೆ ಅಂದುಕೊಂಡೆವು. ಹಾಡಿಗೆ ಬೆಲೆ ಇಲ್ಲದಾಗ ‘ಇದು ನಂದು’ ಅಂತ ಹೇಳುವುದು ಸುಲಭ, ಯಾರೂ ತಪ್ಪು ತಿಳಿಯುವುದಿಲ್ಲ. ಬೆಲೆ ಬಂದ ಮೇಲೆ ಅದೇ ಮಾತು ಆಡಿದರೆ ದುರಾಸೆ ಅನ್ನುತ್ತಾರೆ. ಆಡದೆ ಸುಮ್ಮನಿದ್ದರೆ ಹೊಟ್ಟೆಯೊಳಗೇ ಉರಿಯುತ್ತದೆ. ಮುಂದೆ ಸಿಂಗರ್ ಬೆಂಗಳೂರಿಗೆ ಹೋಗಿ ಕ್ಯಾಸೆಟ್ ಮಾಡಿದ. ಸಾಹಿತ್ಯ, ಸಂಗೀತ, ಗಾಯನ ಮೂರೂ ಅವನ ಹೆಸರಲ್ಲೇ ಬಂತು. ಮೋಸ ಮಾಡಬೇಕೆಂದು ಮಾಡಿದ್ದಲ್ಲ, ಅವನಿಗೆ ಶಿಳ್ಳೆ ನೆನಪೇ ಇರಲಿಲ್ಲ. ಡ್ರಮ್ಮರ್ ಮರೆತಿರಲಿಲ್ಲ.

ಈಗ ನಿಮ್ಮ ಪಿಂಕ್ ಫ್ಲಾಯ್ಡ್ ನೋಡಿ. 1973ರ ಜನವರಿಯಲ್ಲಿ ಹೊರಗಿನ ಗಾಯಕಿ ಕ್ಲೇರ್ ಟೋರಿ ಅವರ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ ಹಾಡಿಗೆ ಮಾತೇ ಇಲ್ಲದ ಆ ಆಲಾಪ ಹಾಡಿ 30 ಪೌಂಡ್ ಪಡೆದು ಮನೆಗೆ ಹೋದರು. 2004ರಲ್ಲಿ ಕೇಸ್ ಹಾಕಿದರು, 2005ರಲ್ಲಿ ರಾಜಿಯಾಯಿತು, ಆಮೇಲಷ್ಟೇ ಬ್ಯಾಂಡಿನ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಹೆಸರಿನ ಪಕ್ಕ ಅವರ ಹೆಸರೂ ಬಂತು. ‘ದಿ ವಾಲ್’ ಆಲ್ಬಮ್ ಮಾಡುವಾಗ 1979ರಲ್ಲಿ ಆ ರೈಟ್‌ರನ್ನೇ ಹೊರಗೆ ಹಾಕಿದರು. ಆ ಟೂರಿನಲ್ಲಿ ತಮ್ಮದೇ ಬ್ಯಾಂಡಿನಲ್ಲಿ ಅವರು ಸಂಬಳಕ್ಕೆ ಕೀಬೋರ್ಡ್ ನುಡಿಸಿದರು. 1985ರಲ್ಲಿ ವಾಟರ್ಸ್ ಹೊರಟರು, ಬ್ಯಾಂಡಿನ ಹೆಸರು ಯಾರದು ಅಂತ 1986ರಲ್ಲಿ ಕೋರ್ಟಿಗೆ ಹೋದರು. ಹಾಗೆ ಹೋದದ್ದು ತಪ್ಪು ಎಂದು 2013ರಲ್ಲಿ ಅವರೇ ಒಪ್ಪಿಕೊಂಡರು. 2023ರಲ್ಲಿ ವಾಟರ್ಸ್, ಗಿಲ್ಮೋರ್ ಮಧ್ಯೆ ಎದ್ದ ಜಗಳ ರಾಜಕೀಯದ್ದು, ನಿಜ. ಆದರೆ ಹಳೆಯ ಹುಣ್ಣು ಇಲ್ಲದಿದ್ದರೆ ಅದು ಅಷ್ಟು ಜೋರಾಗಿ ಒಡೆಯುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಕ್ವೀನ್ ಅನ್ನುವ ಇನ್ನೊಂದು ಬ್ಯಾಂಡಿನವರು ಜಾಣರು. 1989ರ ‘ದಿ ಮಿರಾಕಲ್’ ಆಲ್ಬಮ್ಮಿನಲ್ಲಿ ಎಲ್ಲ ಹಾಡಿಗೂ ಬ್ಯಾಂಡಿನ ಹೆಸರನ್ನೇ ಹಾಕಿದರು.

ಇನ್ನು ನಿಮ್ಮ ಆಸೆಯ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮ ಬೇಸ್ ಗಿಟಾರಿಸ್ಟ್ ಮಗಳ ಮದುವೆ. ಸಿಂಗರ್, ಡ್ರಮ್ಮರ್ ಇಬ್ಬರೂ ಬಂದಿದ್ದರು, ಬೇರೆ ಬೇರೆ ಸಾಲಿನಲ್ಲಿ ಕೂತಿದ್ದರು. ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಅಷ್ಟರಲ್ಲಿ ಹಳೆಯ ಫ್ಯಾನ್ ಒಬ್ಬರು ಮೈಕ್ ಹಿಡಿದು ಆ ಹಾಡೇ ಆಗಬೇಕು ಎಂದು ಹಟ ಹಿಡಿದರು. ಪ್ರೀತಿಯಿಂದಲೇ ಕೇಳಿದ್ದು. ಎಲ್ಲರೂ ಚಪ್ಪಾಳೆ ತಟ್ಟಿ ಇಬ್ಬರನ್ನೂ ಎಬ್ಬಿಸಿದರು. ಡ್ರಮ್ಮರ್ ಸ್ಟೇಜಿನ ಮೆಟ್ಟಿಲ ತನಕ ಬಂದ. ಅಷ್ಟರಲ್ಲಿ ಆ ಪುಣ್ಯಾತ್ಮ ‘ನಮ್ಮೂರಿನ ಸಂಗೀತ ನಿರ್ದೇಶಕರು’ ಅಂತ ಸಿಂಗರ್ ಹೆಸರು ಕೂಗಿದರು. ಡ್ರಮ್ಮರ್ ಅಲ್ಲಿಂದಲೇ ತಿರುಗಿ, ಊಟವನ್ನೂ ಮಾಡದೆ ಬಸ್ ಹತ್ತಿದ. ಮದುವೆ ಮನೆಯಿಂದ ಊಟ ಬಿಟ್ಟು ಹೋಗುವುದು ಅಂದರೆ ಎಂಥ ನೋವು ಅಂತ ನಿಮಗೆ ಹೇಳಬೇಕಾಗಿಲ್ಲ.

ಅದಕ್ಕೇ ಲೈವ್ 8 ಅನ್ನುವ ಸಹಾಯಾರ್ಥ ಪ್ರೋಗ್ರಾಂ ಆದ ಮೇಲೆ ದೊಡ್ಡ ದೊಡ್ಡ ಆಫರ್ ಬಂದರೂ ಗಿಲ್ಮೋರ್ ಒಪ್ಪದಿದ್ದಾಗ ನನಗೆ ಬೇಜಾರಾಗಲಿಲ್ಲ. ಆ ಪ್ರೋಗ್ರಾಮಿಗೆ 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ವಾಟರ್ಸ್, ಗಿಲ್ಮೋರ್, ರೈಟ್, ಅವರ ಡ್ರಮ್ಮರ್ ನಿಕ್ ಮೇಸನ್ ನಾಲ್ವರೂ ಒಟ್ಟಿಗೆ ನಿಂತರು, 1981ರ ನಂತರ ಮೊದಲ ಸಲ. 2008ರಲ್ಲಿ ರೈಟ್ ತೀರಿಕೊಂಡರು. ಈಗ ಉಳಿದವರನ್ನು ಜಗ್ಗಾಡಿ ನಿಲ್ಲಿಸಿದರೂ ಅದು ಆ ಬ್ಯಾಂಡ್ ಆಗುವುದಿಲ್ಲ.

ರಾಜಿ ಬೇರೆ, ಸ್ಟೇಜ್ ಬೇರೆ. ಮದುವೆ ಆದ ಮೇಲೆ ನಾನು ಸಿಂಗರ್ ಮನೆಗೆ ಹೋಗಿ ಕೋಟೆಯ ವಿಷಯ ಬಿಡಿಸಿ ಹೇಳಿದೆ. ಅವನು ಬಹಳ ಹೊತ್ತು ಸುಮ್ನೆ ಕೂತ. ಆಮೇಲೆ ಯೂಟ್ಯೂಬಿನಲ್ಲಿ ತಾನು ಹಾಕಿದ್ದ ಆ ಹಾಡಿನ ಕೆಳಗೆ ಸಂಗೀತ ಅನ್ನುವ ಕಡೆ ಡ್ರಮ್ಮರ್ ಹೆಸರು ಹಾಕಿದ. ಈಗ ಇಬ್ಬರೂ ಹಬ್ಬಕ್ಕೆ ಫೋನ್ ಮಾಡಿಕೊಳ್ಳುತ್ತಾರೆ. ಒಟ್ಟಿಗೆ ನುಡಿಸುವ ಮಾತು ಯಾರೂ ಎತ್ತುವುದಿಲ್ಲ, ನಾನಂತೂ ಎತ್ತುವುದಿಲ್ಲ.

ಯಾರ ಕಡೆ ನಿಲ್ಲಬೇಕು ಅಂದಿರಲ್ಲ, ನಾನು ರೈಟ್ ಕಡೆ. ನೀವಿಬ್ಬರೂ ವಾದ ಬಿಟ್ಟು 1971ರ ‘ಎಕೋಸ್’ ಹಾಕಿ. ಶುರುವಿನಲ್ಲಿ ಟಿಣ್ ಅನ್ನುವ ಆ ಒಂದೇ ಸ್ವರ ಇದೆಯಲ್ಲ, ಅದು ರೈಟ್ ಅವರ ಪಿಯಾನೊ, ಸದ್ದನ್ನು ಸುತ್ತಿಸಿ ಅಲೆಯಾಡಿಸುವ ಲೆಸ್ಲಿ ಸ್ಪೀಕರ್ ಮೂಲಕ ಬಂದದ್ದು. ಆ ಹಾಡಿಗೆ ನಾಲ್ವರ ಹೆಸರೂ ಹಾಕಿದ್ದಾರೆ. ಇಪ್ಪತ್ತಮೂರು ನಿಮಿಷ ಇದೆ, ಪೂರ್ತಿ ಕೇಳಿ.